ನೆರಡಿ, ಚಪ್ಪೆ, ಗಳಲೆ: ದನದ ರೋಗಾಣುಗಳನ್ನು ಗುರುತಿಸುವ ಬಗೆ

ದನಕರುಗಳನ್ನು ಕೊಲ್ಲುವ ರೋಗಗಳಿಗೆ ನಮ್ಮ ನಾಡಿನ ರೈತರು ಇಟ್ಟ ಹೆಸರುಗಳನ್ನೂ ಬಂಗಾಳದ ರೈತರು ಇಟ್ಟ ಹೆಸರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಬಾರಾನಗರದಂಥ ಸ್ಥಳದಲ್ಲಿ ನೆಲಸಿದ ಕನ್ನಡಿಗರಿಗೆ ಉಂಟು. ನಾವು ಚಪ್ಪೆ ರೋಗವೆನ್ನುವುದನ್ನು ಇಲ್ಲಿಯವರು ಬಾದ್ಲಾ ಎನ್ನುತ್ತಾರೆ. ಚಪ್ಪೆಯೆಂದರೆ ಸೊಂಟದ ಕೆಳಗಿನ ಭಾಗ. ಬಾದ್ಲಾ ಎಂದರೆ ಮೋಡ ಮುಸುಕಿದ ಮಳೆಯ ಹವೆ. ನಮ್ಮವರು ರೋಗವು ಮೈಮೇಲೆ ತೋರುವ ಸ್ಥಳವನ್ನು ಹಿಡಿದು ಹೆಸರಿಟ್ಟರೆ, ಇವರು ಅದು ಬರುವ ಕಾಲವನ್ನು ಹಿಡಿದು ಇಟ್ಟರು. ನಮ್ಮ ಗಳಲೆ ರೋಗ, ಕೆಲವೆಡೆ ಗಂಟಲು ಬೇನೆ, ಇಲ್ಲಿ ಗಲಾಫುಲಾ, ಅಂದರೆ ಕೊರಳಿನ ಊತ. ನೆರಡಿ ರೋಗಕ್ಕೆ ಇಲ್ಲಿ ತಡ್ಕಾ ಎಂದು ಹೆಸರು; ಮಕ್ಕಳಿಗೆ ಬರುವ ಸೆಳವಿಗೂ ಬಂಗಾಳಿಯಲ್ಲಿ ಅದೇ ಮಾತು. ನಿಂತಿದ್ದ ಪಶು ನಡುಗಿ ಬಿದ್ದು ಸಾಯುವುದನ್ನು ಕಂಡವರು ಇಟ್ಟ ಹೆಸರು ಅದೆಂದು ಊಹಿಸಬಹುದು.

ಇಂಥ ಹೆಸರುಗಳನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವ ರೂಢಿ ವಿದ್ಯಾವಂತರಲ್ಲಿ ಉಂಟು. ಅದು ಸಲ್ಲದು. ಊತ ಎಲ್ಲಿದೆ, ಕಾಲ ಯಾವುದು, ಸಾವು ಎಷ್ಟು ಬೇಗ ಬಂತು ಎಂಬ ಪ್ರಶ್ನೆಗಳನ್ನೇ ಪಶುವೈದ್ಯನೂ ಮೊದಲು ಕೇಳುತ್ತಾನೆ. ಆದರೆ ಲಕ್ಷಣದಿಂದ ಹುಟ್ಟಿದ ಹೆಸರು ಒಂದು ದೂರದವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ. ಮೇಲೆ ಹೇಳಿದ ಮೂರು ರೋಗಗಳಲ್ಲಿಯೂ ಸಂಜೆ ಮೇವು ತಿಂದ ಪಶು ಬೆಳಗಾಗುವುದರೊಳಗೆ ಸತ್ತು ಬಿದ್ದಿರುವುದುಂಟು. ಆಗ ಹೆಣದ ಮುಂದೆ ನಿಂತವನಿಗೆ ಇವುಗಳಲ್ಲಿ ಯಾವುದೆಂದು ತಿಳಿಯುವುದು ಬರಿಯ ಪಾಂಡಿತ್ಯದ ವಿಷಯವಲ್ಲ. ಗಳಲೆಯಿಂದ ಸತ್ತ ಎಮ್ಮೆಯನ್ನು ಕೊಯ್ದು ನೋಡಬಹುದು. ನೆರಡಿಯಿಂದ ಸತ್ತದ್ದನ್ನು ಕೊಯ್ದರೆ ಕೊಯ್ದವನ ಪ್ರಾಣಕ್ಕೇ ಅಪಾಯ. ಆ ನೆಲವೂ ಹತ್ತಾರು ವರ್ಷ ಕೆಡುತ್ತದೆ.

ಈ ಶಾಸ್ತ್ರದ ಚರಿತ್ರೆಯಲ್ಲಿ ಕಲ್ಕತ್ತೆಗೆ ಒಂದು ಸ್ಥಾನವಿದೆ. ಭಾರತದ ದನದ ಪಿಡುಗುಗಳನ್ನು ವಿಚಾರಿಸಲು ಸರಕಾರ ನೇಮಿಸಿದ ಆಯೋಗದ ವರದಿ ಅಚ್ಚಾದದ್ದು ಇಲ್ಲಿ, 1871ರಲ್ಲಿ. ಆಗ ರೋಗಗಳನ್ನು ಬೇರ್ಪಡಿಸಲು ಹೊರಗಿನ ಲಕ್ಷಣವೂ ಹೆಣವನ್ನು ಕೊಯ್ದಾಗ ಕಂಡ ಚಿಹ್ನೆಯೂ ವಿನಾ ಬೇರೆ ಸಾಧನವಿರಲಿಲ್ಲ. ಐದು ವರ್ಷಗಳ ತರುವಾಯ, 1876ರಲ್ಲಿ, ಜರ್ಮನಿಯ ಒಂದು ಸಣ್ಣ ಊರಿನ ವೈದ್ಯನಾಗಿದ್ದ ರಾಬರ್ಟ್ ಕೋಖ್ ನೆರಡಿಯ ದಂಡಾಣುವನ್ನು ಪಶುವಿನ ದೇಹದ ಹೊರಗೆ ಬೆಳೆಸಿ, ಅದು ಬೀಜಾಣುವಾಗಿ ಮಾರ್ಪಡುವುದನ್ನು ಕಣ್ಣಾರೆ ಕಂಡು, ಇಲಿಗಳಿಗೆ ಚುಚ್ಚಿ ಅದೇ ರೋಗವನ್ನು ಹುಟ್ಟಿಸಿ ತೋರಿಸಿದನು. ಒಂದು ಗೊತ್ತಾದ ಬ್ಯಾಕ್ಟೀರಿಯವೇ ಒಂದು ಗೊತ್ತಾದ ರೋಗಕ್ಕೆ ಕಾರಣವೆಂದು ಮೊದಲು ಸಿದ್ಧವಾದದ್ದು ಹೀಗೆ, ದನಕುರಿಗಳ ರೋಗದಿಂದ. ಅದೇ ಕೋಖ್ 1883ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದು, ಮರುವರ್ಷದ ಆದಿಯಲ್ಲಿ ಕಾಲರಾದ ರೋಗಾಣುವನ್ನು ಇಲ್ಲಿ ಶುದ್ಧರೂಪದಲ್ಲಿ ಬೆಳೆಸಿದನು. ಮನುಷ್ಯನ ರೋಗದಲ್ಲಿ ಅವನು ಪ್ರಯೋಗಿಸಿದ ವಿಧಾನಕ್ಕೆ ತಳಹದಿ ಹಾಕಿದ್ದು ಪಶುರೋಗ.

ಬಾರಾನಗರದಿಂದ ದಕ್ಷಿಣಕ್ಕೆ ಹೆಚ್ಚು ದೂರವಿಲ್ಲದ ಬೆಲ್ಗಾಚಿಯದಲ್ಲಿ 1893ರಲ್ಲಿ ಬಂಗಾಳ ಪಶುವೈದ್ಯ ಕಾಲೇಜು ಆರಂಭವಾಯಿತು. ದೇಶದ ಪಶುರೋಗಾಣು ಪ್ರಯೋಗಶಾಲೆ 1889ರಲ್ಲಿ ಪುಣೆಯಲ್ಲಿ ಹುಟ್ಟಿ, 1893ರಲ್ಲಿಯೇ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿತು. ಕನ್ನಡ ನಾಡಿನಲ್ಲಿ ಈ ಕೆಲಸದ ನೆಲೆ ಬೆಂಗಳೂರಿನ ಹೆಬ್ಬಾಳ. ಮೈಸೂರು ಸೀರಮ್ ಸಂಸ್ಥೆಯೆಂದು ಹಿಂದಿನವರು ಬಲ್ಲ ಸಂಸ್ಥೆಯ ವಂಶಜವೇ ಇಂದು ಅಲ್ಲಿ ಲಸಿಕೆಗಳನ್ನು ತಯಾರಿಸುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ.

ಇನ್ನು ರೋಗಗಳ ವಿಷಯ. ಮೊದಲು ನೆರಡಿ, ಏಕೆಂದರೆ ಅದನ್ನು ಗುರುತಿಸುವುದರಲ್ಲಿ ತಪ್ಪಿದರೆ ದಂಡ ಎಲ್ಲಕ್ಕಿಂತ ಹೆಚ್ಚು. ಇದರ ಕಾರಣ ಬ್ಯಾಸಿಲಸ್ ಆಂತ್ರಾಸಿಸ್ ಎಂಬ ದಂಡಾಣು. ಆಂತ್ರಾಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಇದ್ದಲು. ರೋಗ ತಗುಲಿದ ಮನುಷ್ಯನ ಚರ್ಮದಲ್ಲಿ ಇದ್ದಲಿನಂತೆ ಕಪ್ಪಾದ ಹೆಕ್ಕಳೆ ಏಳುವುದರಿಂದ ಆ ಹೆಸರು. ಪಂಡಿತರ ಹೆಸರೂ ಲಕ್ಷಣದ ಹೆಸರೇ ಆಯಿತೆಂಬುದನ್ನು ಗಮನಿಸಬೇಕು. ಸತ್ತ ಪಶುವಿನ ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪಾದ ರಕ್ತ ಒಸರುತ್ತದೆ, ಹೆಪ್ಪುಗಟ್ಟುವುದಿಲ್ಲ; ಹೆಣ ಬೇಗನೆ ಉಬ್ಬುತ್ತದೆ, ಆದರೆ ಎಂದಿನಂತೆ ಸೆಟೆಯುವುದಿಲ್ಲ. ಈ ಚಿಹ್ನೆಗಳು ಎಲ್ಲ ಸಲವೂ ಎಲ್ಲವೂ ಇರುತ್ತವೆಂದಲ್ಲ. ಒಂದು ಕಂಡರೂ ಕತ್ತಿಯನ್ನು ಕೆಳಗಿಡತಕ್ಕದ್ದು.

ಕಾರಣ ಇಷ್ಟು. ರೋಗಾಣು ಪಶುವಿನ ರಕ್ತದಲ್ಲಿರುವಾಗ ದಂಡದ ರೂಪದಲ್ಲಿರುತ್ತದೆ. ಆ ರೂಪದಲ್ಲಿ ಅದು ಬಹಳ ಗಟ್ಟಿಯಲ್ಲ. ಹೆಣವನ್ನು ತೆರೆಯದೆ ಬಿಟ್ಟರೆ ಒಳಗೆ ಕೊಳೆಯಿಸುವ ಇತರ ಬ್ಯಾಕ್ಟೀರಿಯಗಳೇ ಕೆಲವು ದಿನಗಳಲ್ಲಿ ಅದನ್ನು ನಾಶಮಾಡುತ್ತವೆ. ಚರ್ಮ ಸುಲಿದು, ಹೊಟ್ಟೆ ಬಗೆದು, ರಕ್ತವು ಗಾಳಿಗೆ ತೆರೆದುಕೊಂಡಿತೆಂದರೆ ಅದೇ ದಂಡಾಣು ಬೀಜಾಣುವಾಗಿ ಗಟ್ಟಿಗೊಳ್ಳುತ್ತದೆ. ಬೀಜಾಣುವಿಗೆ ಬಿಸಿಲು ಮಳೆಗಳ ಭಯವಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಕುರಿಗಳ ಮೇಲೆ ಈ ಬೀಜಾಣುಗಳ ಪ್ರಯೋಗ ನಡೆಸಿದರು. 1986ರಲ್ಲಿ ಆ ನೆಲವನ್ನು ಫಾರ್ಮಾಲ್ಡಿಹೈಡಿನಿಂದ ತೋಯಿಸಿ, 1990ರಲ್ಲಿ ನಿರಪಾಯವೆಂದು ಸಾರುವವರೆಗೆ ಅಲ್ಲಿ ಜನ ಕಾಲಿಡುವಂತಿರಲಿಲ್ಲ. ನಮ್ಮ ಗೋಮಾಳದಲ್ಲಿ ಅಂಥ ಶುದ್ಧೀಕರಣ ನಡೆಯುವುದಿಲ್ಲ. ಹಳ್ಳಿಯ ಒಂದೇ ಮೂಲೆಯಲ್ಲಿ ಮೇಯ್ದ ದನಗಳು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸಾಯುವುದಕ್ಕೆ ಯಾರದೋ ಶಾಪ ಕಾರಣವಲ್ಲ. ಹಿಂದೆಂದೋ ಅಲ್ಲಿ ಒಂದು ಹೆಣವನ್ನು ಸುಲಿದಿರಬಹುದು.

ಹಾಗಾದರೆ ಕೊಯ್ಯದೆ ಗುರುತಿಸುವುದು ಹೇಗೆ? ಕಿವಿಯ ಅಂಚಿನ ರಕ್ತನಾಳವನ್ನು ಸೂಜಿಯಿಂದ ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಹಲಗೆಯ ಮೇಲೆ ತೆಳ್ಳಗೆ ಸವರಿ, ಚುಚ್ಚಿದ ಜಾಗವನ್ನು ಔಷಧದಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ಮುಚ್ಚಬೇಕು. ಕೆಲಸ ಮಾಡುವವನ ಕೈಗೆ ಗವಸು ಇರಲೇಬೇಕು. ಪ್ರಯೋಗಶಾಲೆಯಲ್ಲಿ ಆ ಲೇಪಕ್ಕೆ ಹಳಸಿದ ಮೆಥಿಲೀನ್ ನೀಲಿಯನ್ನು ಹಾಕುತ್ತಾರೆ. ಹಳಸಿದ್ದೇ ಏಕೆಂದರೆ, ಈ ಬಣ್ಣ ಹಳತಾದಂತೆ ಒಂದು ನೀಲಿ ಹಲವು ಬಣ್ಣಗಳಾಗಿ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದಂಡಾಣು ನೀಲಿಯಾಗಿಯೂ ಅದರ ಸುತ್ತಣ ಹೊದಿಕೆ ಗುಲಾಬಿಯಾಗಿಯೂ ಕಾಣುತ್ತದೆ. ದಂಡಗಳ ತುದಿ ಚೌಕ, ಒಂದರ ಹಿಂದೊಂದು ಸರಪಳಿಯಂತೆ ಸೇರಿರುತ್ತವೆ. 1903ರಲ್ಲಿ ಜಾನ್ ಮ್ಯಾಕ್‌ಫೇಡಿಯನ್ ವರ್ಣಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಹೆಣ ಕೊಳೆತಿದ್ದರೆ ಇದು ಕೈಕೊಡುತ್ತದೆ. ಕೊಳೆಯಿಸುವ ದಂಡಾಣುಗಳು ನೋಡಲು ಹೆಚ್ಚುಕಡಮೆ ಹಾಗೆಯೇ ಇರುತ್ತವೆ, ಆದರೆ ಅವುಗಳಿಗೆ ಗುಲಾಬಿ ಹೊದಿಕೆ ಕಾಣುವುದಿಲ್ಲ. ಅಂಥಲ್ಲಿ ನೆರವಾಗುವುದು 1911ರಲ್ಲಿ ಇಟಲಿಯ ಆಸ್ಕೋಲಿ ಕಂಡುಹಿಡಿದ ಪರೀಕ್ಷೆ. ಅಂಗಾಂಶವನ್ನು ಕುದಿಸಿ ಶೋಧಿಸಿದ ನೀರನ್ನು ತಕ್ಕ ಸೀರಮಿನ ಮೇಲೆ ಮೆಲ್ಲನೆ ಬಿಟ್ಟರೆ ಎರಡೂ ಕೂಡುವಲ್ಲಿ ಬೆಳ್ಳನೆಯ ಉಂಗುರ ಮೂಡುತ್ತದೆ. ರೋಗಾಣು ಸತ್ತು ಎಷ್ಟು ದಿನವಾದರೂ ಸರಿ, ಅದರ ಗುರುತು ಉಳಿದಿರುತ್ತದೆ. ಆದಕಾರಣ ಚರ್ಮದ ವ್ಯಾಪಾರದಲ್ಲಿಯೂ ಇದು ಉಪಯೋಗಕ್ಕೆ ಬಂದಿತು.

ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಜಿಲ್ಲೆಯಲ್ಲಿ ಸತ್ತ ಅಥವಾ ಸಾಯುತ್ತಿದ್ದ ದನವನ್ನು ಕೊಯ್ದವರಿಗೆ, ಮಾಂಸವನ್ನು ಮುಟ್ಟಿದವರಿಗೆ ಚರ್ಮದ ನೆರಡಿ ತಗುಲಿದ ಸಂಗತಿ ಈಚಿನ ದಶಕಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಬಡವನಿಗೆ ಸಾಯುವ ದನವೂ ಹಣವೇ. ಅವನನ್ನು ಬರಿಯ ಬುದ್ಧಿಮಾತಿನಿಂದ ತಡೆಯಲಾಗದು. ಕಾಲಕ್ಕೆ ಸರಿಯಾಗಿ ಪೆನಿಸಿಲಿನ್ ಮೊದಲಾದ ಔಷಧ ಸಿಕ್ಕರೆ ಚರ್ಮದ ನೆರಡಿ ವಾಸಿಯಾಗುತ್ತದೆ. ಹೆಣವನ್ನು ಸುಡುವುದು ಉತ್ತಮ, ಇಲ್ಲವೆ ಆಳವಾಗಿ ಹೂಳಬೇಕು. ಸುಣ್ಣ ಸುರಿದು ಹೂಳುವ ಪದ್ಧತಿಯಿದೆ. ಸುಣ್ಣದ ಕ್ಯಾಲ್ಸಿಯಂ ಬೀಜಾಣುಗಳ ಉಳಿವಿಗೆ ಅನುಕೂಲವಾದೀತೆಂಬ ಶಂಕೆಯೂ ತಜ್ಞರಲ್ಲಿ ಉಂಟು.

ಚಪ್ಪೆ ರೋಗದಲ್ಲಿ ಕೈಯೇ ಮೊದಲ ಪ್ರಯೋಗಶಾಲೆ. ಆರು ತಿಂಗಳಿನಿಂದ ಎರಡು ವರ್ಷದೊಳಗಿನ, ಅದರಲ್ಲೂ ಚೆನ್ನಾಗಿ ಮೈದುಂಬಿದ ಕರುಗಳಿಗೇ ಇದು ಹೆಚ್ಚು. ಕುಂಟು ಬರುತ್ತದೆ, ತೊಡೆ ಅಥವಾ ಭುಜ ಊದುತ್ತದೆ. ಊತ ಮೊದಲು ಬಿಸಿಯಾಗಿದ್ದು ನೋಯುತ್ತದೆ, ಆಮೇಲೆ ತಣ್ಣಗಾಗಿ ನೋವು ಹೋಗುತ್ತದೆ. ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಸದ್ದು. ಕ್ಲಾಸ್ಟ್ರಿಡಿಯಂ ಶೋವೆಯಿ ಎಂಬ ಈ ರೋಗಾಣುವಿಗೆ ಗಾಳಿ ಆಗದು. ಅದು ಸ್ನಾಯುವಿನ ಒಳಗೇ ಬೆಳೆದು ಅನಿಲವನ್ನು ಹುಟ್ಟಿಸುತ್ತದೆ, ಸದ್ದು ಅದರಿಂದ. ತೊಡಕಿರುವುದು ಇದರ ದಾಯಾದಿಗಳಲ್ಲಿ. ಗಾಯದ ಮೂಲಕ ಹೊಕ್ಕು ಹೀಗೆಯೇ ಊತವನ್ನುಂಟುಮಾಡುವ, ಸತ್ತ ಕೂಡಲೆ ಕರುಳಿನಿಂದ ಮೈಯೆಲ್ಲ ಹರಡುವ ಇನ್ನೊಂದು ಕ್ಲಾಸ್ಟ್ರಿಡಿಯಂ ಇದೆ. ಹೆಣದಿಂದ ತಡವಾಗಿ ತೆಗೆದ ಮಾಂಸದಲ್ಲಿ ಅದು ಬೆಳೆಯಿತೆಂದ ಮಾತ್ರಕ್ಕೆ ಅದೇ ಕೊಂದಿತೆನ್ನುವಂತಿಲ್ಲ. ಹೊಳೆಯುವ ಬಣ್ಣ ಕೂಡಿಸಿದ ಪ್ರತಿಕಾಯಗಳಿಂದಲೋ ವಂಶಧಾತುವಿನ ಪರೀಕ್ಷೆಯಿಂದಲೋ ಇವನ್ನು ಬೇರ್ಪಡಿಸುತ್ತಾರೆ.

ಗಳಲೆ ಎಮ್ಮೆಗಳ ಶತ್ರು. ಬತ್ತದ ಬಯಲಿನ ನಾಡುಗಳಲ್ಲಿ, ಮಳೆ ಹಿಡಿದ ದಿನಗಳಲ್ಲಿ, ಕಾಯಿಸಿದ ಮೈ, ಸುರಿಯುವ ಜೊಲ್ಲು, ಗಂಟಲಿನ ಕೆಳಗೆ ಇಳಿಬಿದ್ದ ಊತ, ಉಸಿರಾಟದ ಗೊರಗೊರ ಸದ್ದು, ಒಂದು ದಿನದೊಳಗೆ ಸಾವು. ಕಾರಣ ಪಾಸ್ಚುರೆಲ್ಲ ಮಲ್ಟೊಸಿಡ. ಲೀಷ್ಮನ್ ಬಣ್ಣ ಹಾಕಿದ ರಕ್ತಲೇಪದಲ್ಲಿ ಈ ಸಣ್ಣ ರೋಗಾಣುವಿನ ಎರಡು ತುದಿಗಳು ಮಾತ್ರ ಗಾಢವಾಗಿ ಹಿಡಿದು, ನಡುವೆ ಬರಿದಾಗಿ, ಮುಚ್ಚಿದ ಸೇಫ್ಟಿ ಪಿನ್ನಿನಂತೆ ತೋರುತ್ತದೆ. ಹೆಣ ಹಳತಾಗಿದ್ದರೆ ಉದ್ದನೆಯ ಮೂಳೆಯೊಂದನ್ನು ಹಾಗೆಯೇ ಕಳುಹಿಸಿದರೆ ಸಾಕು; ಮಜ್ಜೆಗೆ ಕೊಳೆತ ತಡವಾಗಿ ತಾಗುತ್ತದೆ. ಆದರೆ ಪಾಸ್ಚುರೆಲ್ಲವನ್ನು ಕಂಡೊಡನೆ ಗಳಲೆಯೆಂದು ತೀರ್ಮಾನಿಸಲಾಗದು. ಇದೇ ರೋಗಾಣುವಿನ ಹಲವು ಬಗೆಗಳು ಆರೋಗ್ಯವಂತ ಪಶುಗಳ ಗಂಟಲಿನಲ್ಲಿಯೂ ಕೋಳಿಗಳಲ್ಲಿಯೂ ಉಂಟು. ಏಷ್ಯದಲ್ಲಿ ಗಳಲೆಯನ್ನು ತರುವುದು ಅವುಗಳಲ್ಲಿ ಬಿ ಗುಂಪಿಗೆ ಸೇರಿದ ಒಂದು ಬಗೆ. ಆಫ್ರಿಕದಲ್ಲಿ ಇ ಗುಂಪಿನದು. ಗುಂಪು ಗೊತ್ತಾದ ಮೇಲೆಯೇ ಗುರುತು ಪೂರ್ತಿಯಾಯಿತೆನ್ನಬೇಕು, ಏಕೆಂದರೆ ಮುಂಗಾರಿಗೆ ಮುಂಚೆ ಹಾಕುವ ಲಸಿಕೆ ಆ ಗುಂಪಿನದೇ ಆಗಿರಬೇಕು.

ಈಗ ಈ ಕೆಲಸಕ್ಕೆ ಹೊಸ ಯಂತ್ರಗಳು ಬಂದಿವೆ. ಬೆಳೆಸಿದ ರೋಗಾಣುವಿನ ಮೇಲೆ ಲೇಸರ್ ಕಿರಣ ಬಿಟ್ಟು, ಸಿಡಿದ ಪ್ರೋಟೀನುಗಳ ತೂಕವನ್ನು ಗೆರೆಗಳಾಗಿ ಬರೆದು, ಆ ಗೆರೆಗಳನ್ನು ಕೂಡಿಟ್ಟ ಸಾವಿರಾರು ಮಾದರಿಗಳೊಡನೆ ಹೋಲಿಸಿ, ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುವ ಯಂತ್ರವೊಂದುಂಟು. ಯಂತ್ರ ಮಾಡುವುದು ಮೂಲತಃ ಒಂದು ದೂರವನ್ನು ಅಳೆಯುವ ಕೆಲಸ: ಈ ಅಪರಿಚಿತನು ಯಾವ ಗುಂಪಿಗೆ ಹತ್ತಿರ? ಬಾರಾನಗರದವರಿಗೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು 1936ರಲ್ಲಿ ಎರಡು ಗುಂಪುಗಳ ನಡುವಣ ದೂರವನ್ನು ಹಲವು ಅಳತೆಗಳಿಂದ ಒಟ್ಟಿಗೆ ಲೆಕ್ಕಹಾಕುವ ಸೂತ್ರವನ್ನು ಕೊಟ್ಟರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 1941ರಲ್ಲಿ ಈ ಸಂಸ್ಥೆಗೆ ಬಂದ ಸಿ. ಆರ್. ರಾವ್ ಅವರು 1948ರಲ್ಲಿ ಜೀವಿಗಳ ವರ್ಗೀಕರಣಕ್ಕೆ ಹಲವು ಅಳತೆಗಳನ್ನು ಬಳಸುವ ಬಗೆಯನ್ನು ವಿಸ್ತರಿಸಿ ಬರೆದರು. ಅವರ ಮುಂದಿದ್ದದ್ದು ಮನುಷ್ಯರ ತಲೆಬುರುಡೆ, ಮೂಳೆಗಳ ಅಳತೆ, ರೋಗಾಣುವಲ್ಲ. ತರ್ಕವು ಅದೇ. ಅದರ ಮಿತಿಯೂ ಅದೇ: ಹತ್ತಿರದ ಗುಂಪುಗಳು ಬಹಳ ಹತ್ತಿರವಿದ್ದರೆ ಅಳತೆ ತಡವರಿಸುತ್ತದೆ. ನೆರಡಿಯ ದಂಡಾಣುವನ್ನು ಮಣ್ಣಿನ ನಿರುಪದ್ರವಿ ನೆಂಟರಿಂದ ಬೇರ್ಪಡಿಸಲು ಈ ಯಂತ್ರ ಸಾಲದು. ವಿಷವನ್ನೂ ಹೊದಿಕೆಯನ್ನೂ ಹುಟ್ಟಿಸುವ ಅದರ ವಂಶಧಾತುವಿನ ತುಣುಕುಗಳನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ಇಷ್ಟರವರೆಗೆ ಹೇಳಿದ್ದು ಕಣ್ಣಿಗೆ ಬೀಳುವ ರೋಗಗಳ ಮಾತು. ಲಕ್ಷಣವೇ ತೋರದ ರೋಗವನ್ನು ಏನು ಮಾಡುವುದು? ಗಬ್ಬದ ಹಸು ಐದಾರು ತಿಂಗಳು ಕಳೆದ ಮೇಲೆ ಕಂದು ಹಾಕುತ್ತದೆ. ಮಾಸು ತಡೆದು ನಿಲ್ಲುತ್ತದೆ. ಮುಂದಿನ ಸಲ ಅದೇ ಹಸು ಸುಸೂತ್ರವಾಗಿ ಈಯುವುದೂ ಉಂಟು. ನೋಡುವವರಿಗೆ ಅದು ಆರೋಗ್ಯದ ಹಸು. ಒಳಗೆ ಬ್ರುಸೆಲ್ಲ ಅಬಾರ್ಟಸ್ ನೆಲೆಸಿರುತ್ತದೆ, ಹಾಲಿನಲ್ಲಿ ಬೀಳುತ್ತಿರುತ್ತದೆ. ಬರಿಗೈಯಿಂದ ಮಾಸು ತೆಗೆದವನಿಗೆ, ಹಸಿ ಹಾಲು ಕುಡಿದವನಿಗೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಕೀಲುನೋವು. ಮಲೇರಿಯವೆಂದೋ ಟೈಫಾಯ್ಡೆಂದೋ ಕ್ಷಯವೆಂದೋ ತಿಂಗಳುಗಟ್ಟಲೆ ಔಷಧ ನಡೆಯುತ್ತದೆ. ಈ ಕುಲದ ರೋಗಾಣುವನ್ನು 1880ರ ದಶಕದಲ್ಲಿ ಮಾಲ್ಟ ದ್ವೀಪದ ಸೈನಿಕರ ದೇಹದಲ್ಲಿ ಡೇವಿಡ್ ಬ್ರೂಸ್ ಕಂಡನು; ಅದು ಆಡಿನ ಹಾಲಿನಿಂದ ಬರುತ್ತದೆಂದು ಆ ದ್ವೀಪದವನೇ ಆದ ಜಾಮಿಟ್ 1905ರಲ್ಲಿ ತೋರಿಸಿದನು.

ಇಲ್ಲಿ ರೋಗಾಣುವನ್ನು ಬೆಳೆಸಿ ನೋಡುವುದು ನಿಧಾನ, ಬೆಳೆಸುವವನಿಗೂ ಅಪಾಯ. ಆದ್ದರಿಂದ ರಕ್ತದಲ್ಲಿನ ಪ್ರತಿಕಾಯವನ್ನು ಹುಡುಕುತ್ತಾರೆ. ಕೊಂದ ಬ್ರುಸೆಲ್ಲಗಳಿಗೆ ರೋಜ್ ಬೆಂಗಾಲ್ ಎಂಬ ಕೆಂಪು ಬಣ್ಣ ಹಾಕಿ, ಅದರ ಒಂದು ತೊಟ್ಟನ್ನು ಹಸುವಿನ ಸೀರಮಿನ ಒಂದು ತೊಟ್ಟಿನೊಡನೆ ಬೆರಸಿ ನಾಲ್ಕು ನಿಮಿಷ ತೂಗಿದರೆ, ಪ್ರತಿಕಾಯವಿದ್ದಲ್ಲಿ ಕೆಂಪು ಹರಳುಹರಳಾಗಿ ಕೂಡುತ್ತದೆ. ಬಣ್ಣದ ಹೆಸರಿನಲ್ಲಿ ಬಂಗಾಳವಿದ್ದರೂ ಅದು ಬಂಗಾಳದ್ದಲ್ಲ. 19ನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ರಸಾಯನಜ್ಞರು ಮಾಡಿದ್ದು. ಪರೀಕ್ಷೆ ಅಗ್ಗ, ಹಳ್ಳಿಯ ಆಸ್ಪತ್ರೆಯಲ್ಲಿಯೂ ಮಾಡಬಹುದು. ಆದರೆ ಅದು ರೋಗಾಣುವನ್ನು ತೋರಿಸುವುದಿಲ್ಲ. ರೋಗಾಣು ಬಂದುಹೋದ ಹೆಜ್ಜೆಯನ್ನು ತೋರಿಸುತ್ತದೆ.

ಹೆಜ್ಜೆಯನ್ನು ನಂಬುವುದೆಷ್ಟು? ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಪರೀಕ್ಷೆ ರೋಗವಿರುವ 100 ಹಸುಗಳಲ್ಲಿ 90ನ್ನು ಹಿಡಿಯುತ್ತದೆ, ರೋಗವಿಲ್ಲದ 100ರಲ್ಲಿ 5ನ್ನು ಸುಮ್ಮನೆ ದೂರುತ್ತದೆ ಎನ್ನೋಣ. 1000 ಹಸುಗಳಲ್ಲಿ 20ಕ್ಕೆ ಮಾತ್ರ ನಿಜವಾಗಿ ರೋಗವಿದ್ದರೆ ಪರೀಕ್ಷೆ ಹಿಡಿಯುವುದು 18ನ್ನು. ಉಳಿದ 980 ನಿರೋಗಿ ಹಸುಗಳಲ್ಲಿ ಅದು ದೂರುವುದು 49ನ್ನು. ದೋಷಿಗಳೆನಿಸಿದ 67ರಲ್ಲಿ ಹೆಚ್ಚುಪಾಲು ನಿರಪರಾಧಿಗಳು. ಅದೇ ಪರೀಕ್ಷೆಯನ್ನು 1000ದಲ್ಲಿ 300ಕ್ಕೆ ರೋಗವಿರುವ ಮಂದೆಗೆ ಒಯ್ದರೆ ನಿಜವಾದ 270ರ ಜೊತೆಗೆ ಸುಳ್ಳಾದವು 35 ಮಾತ್ರ. ಪರೀಕ್ಷೆ ಬದಲಾಗಲಿಲ್ಲ, ಬಣ್ಣ ಬದಲಾಗಲಿಲ್ಲ. ಮಂದೆ ಬದಲಾದದ್ದರಿಂದ ಉತ್ತರದ ಅರ್ಥ ಬದಲಾಯಿತು. ಈ ಸಣ್ಣ ಅಂಕಗಣಿತವನ್ನು ಬಿಟ್ಟು ಚೀಟಿಯಲ್ಲಿ ಬಂದ ಉತ್ತರವನ್ನಷ್ಟೇ ಓದುವುದು ಇಂದಿಗೂ ಸಾಮಾನ್ಯವಾಗಿದೆ.

ಪರಿಹಾರವಾಗಿ ಎರಡನೆಯ, ಇನ್ನೂ ಬಿಗಿಯಾದ ಪರೀಕ್ಷೆಯನ್ನು, ಎಲೈಸ ಮುಂತಾದದ್ದನ್ನು, ಮಾಡುತ್ತಾರೆ. ಮೊದಲನೆಯದು ಆಕಸ್ಮಿಕವಾಗಿ ತಪ್ಪಿದ್ದರೆ ಎರಡನೆಯದು ತಿದ್ದುತ್ತದೆ. ಆದರೆ ಎರಡೂ ಒಂದೇ ಕಾರಣಕ್ಕೆ ಮೋಸಹೋಗಬಹುದೆಂಬುದನ್ನು ಮರೆಯಬಾರದು. ಯೆರ್ಸಿನಿಯ ಎಂಬ ಬೇರೊಂದು ಕರುಳಿನ ಬ್ಯಾಕ್ಟೀರಿಯದ ಒಂದು ಬಗೆಗೆ ಬ್ರುಸೆಲ್ಲದಂಥದೇ ಹೊರಮೈ ಇದೆ. ಅದು ಹುಟ್ಟಿಸಿದ ಪ್ರತಿಕಾಯ ಎರಡು ಪರೀಕ್ಷೆಗಳನ್ನೂ ಏಮಾರಿಸೀತು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯವೂ ಹಾಗೆಯೇ.

ದೋಷಿಯೆನಿಸಿದ ಹಸುವಿನ ಗತಿಯೇನು ಎಂಬುದು ಇದರಿಂದಲೇ ಕಠಿನವಾಗುತ್ತದೆ. ಪರೀಕ್ಷಿಸಿ ಕೊಲ್ಲುವ, ರೈತನಿಗೆ ಪರಿಹಾರ ತೆರುವ ಮಾರ್ಗದಿಂದ ಕೆಲವು ದೇಶಗಳು ಈ ರೋಗವನ್ನು ತೊಲಗಿಸಿವೆ. ನಮ್ಮಲ್ಲಿ ಆ ಮಾರ್ಗಕ್ಕೆ ಕಾನೂನಿನ, ಮನೋಭಾವದ, ಹಣದ ಅಡ್ಡಿಗಳುಂಟು. ಗುಟ್ಟಾಗಿ ಸಂತೆಗೆ ಹೊಡೆದು ಮಾರಿದರೆ ರೋಗ ಇನ್ನೊಬ್ಬರ ಕೊಟ್ಟಿಗೆಗೆ ಸಾಗುತ್ತದೆ. ಒಂದೇ ಹಸುವನ್ನು ನಂಬಿದ ಮನೆಯಲ್ಲಿ ಬೇರೆ ಕಟ್ಟುವುದಕ್ಕೂ ಜಾಗವಿರದು. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕಾರ್ಯಕ್ರಮ ಹಿಡಿದಿರುವ ದಾರಿ ಬೇರೆ: ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಆಯುಷ್ಯದಲ್ಲಿ ಒಂದೇ ಸಲ ಲಸಿಕೆ. ಆ ವಯಸ್ಸಿನಲ್ಲಿ ಹಾಕಿದರೆ ಲಸಿಕೆಯ ಪ್ರತಿಕಾಯ ಹಸು ಬೆಳೆಯುವಷ್ಟರಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ತಡವಾಗಿ ಹಾಕಿದರೆ ಉಳಿದು ಪರೀಕ್ಷೆಯನ್ನು ಕೆಡಿಸುತ್ತದೆ. ಆದಕಾರಣ ಬೆಲ್ಗಾಚಿಯದಲ್ಲಾಗಲಿ ಹೆಬ್ಬಾಳದಲ್ಲಾಗಲಿ ಒಂದು ತೊಟ್ಟು ಸೀರಮ್ ಹರಳುಗಟ್ಟಿತೆಂದರೆ, ಪರೀಕ್ಷಕನು ಕೇಳಬೇಕಾದ ಮೊದಲ ಪ್ರಶ್ನೆ ಆ ಹಸುವಿನ ಕಿವಿಯಲ್ಲಿರುವ ಹನ್ನೆರಡು ಅಂಕಿಗಳ ಬಿಲ್ಲೆಯ ಸಂಖ್ಯೆ, ಮತ್ತು ಆ ಸಂಖ್ಯೆಯ ಮುಂದೆ ಲಸಿಕೆಯ ದಿನ ಬರೆದಿದೆಯೇ ಎಂಬುದು.